ಅರಗಿನ ಕೆಲಸವೂ ನಮ್ಮ ದುರ್ಗದ ಸೀಮೆಯೂ

ಅರಗೆಂದರೆ ನಮ್ಮ ಕಛೇರಿಗಳವರಿಗೆ ಖಜಾನೆಯ ಚೀಲದ ಬಾಯಿಗೆ ಬೀಳುವ ಕೆಂಪು ಮುದ್ರೆ. ಅಂಚೆಯವರಿಗೆ ವಿಮೆ ಮಾಡಿದ ಲಕೋಟೆಯ ಬೆನ್ನಿನ ಮೇಲಿನ ಒತ್ತು. ಅಕ್ಕಸಾಲಿಗರಿಗೆ ಟೊಳ್ಳು ಒಡವೆಯೊಳಗೆ ತುಂಬುವ ಸರಕು. ಭಾರತವನ್ನು ಕೇಳಿದ ಹಿರಿಯರಿಗೆ ದುರ್ಯೋಧನನು ಪಾಂಡವರಿಗಾಗಿ ಕಟ್ಟಿಸಿದ ಮನೆ. ಅದೇ ಅರಗು ಚನ್ನಪಟ್ಟಣದಲ್ಲಿ ಮಗುವಿನ ಕೈಯ ಗಿಲಕಿಯಾಗಿ, ಬುಗುರಿಯಾಗಿ, ಕುಂಕುಮದ ಭರಣಿಯಾಗಿ ಹೊಳೆಯುವುದೆಂಬುದು ನಮ್ಮ ವಾಚಕರಿಗೆ ವಿದಿತವೇ ಇದೆ. ಆದರೆ ಆ ಹೊಳಪನ್ನು ತಮ್ಮ ಕೈಯಿಂದ ತರಬಲ್ಲವರು ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಈ ನಾಲ್ಕು ತಾಲ್ಲೂಕುಗಳಲ್ಲಿ ಎಷ್ಟು ಮಂದಿ ಇರುವರೆಂದು ಕೇಳಿದರೆ ಉತ್ತರ ಹೇಳುವವರು ಸಿಕ್ಕುವುದು ಕಷ್ಟ.

ಈಚಿನ ವರ್ಷಗಳಲ್ಲಿ ವಿದ್ಯಾವಂತರಲ್ಲಿ ಒಂದು ಹೊಸ ಅಭಿರುಚಿ ಹುಟ್ಟಿರುವುದು. ಯಾತ್ರೆ ಹೊರಟವರು ಗುಡಿಗೋಪುರ, ಕೋಟೆಕೊತ್ತಲಗಳನ್ನು ನೋಡಿ ಹಿಂದಿರುಗುವಷ್ಟರಿಂದ ತೃಪ್ತರಾಗದೆ, ದಾರಿಯಲ್ಲಿ ಒಂದು ಊರಿನಲ್ಲಿ ನಿಂತು ಅಲ್ಲಿಯ ಕುಶಲ ಕೆಲಸಕ್ಕೆ ತಾವೂ ಕೈಹಚ್ಚಿ ನೋಡುವರು. ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹಾದಿಯಲ್ಲಿ ಸುಮಾರು 60 ಕಿಲೋಮೀಟರ್ ದೂರದಲ್ಲಿರುವ ಚನ್ನಪಟ್ಟಣವು ಇಂತಹವರಿಗೆ ಅನುಕೂಲವಾದ ಸ್ಥಳ. ದುರ್ಗದಿಂದ ಹೊರಟವರಿಗೂ ಅದು ದುರ್ಗಮವಲ್ಲ. ಹಿರಿಯೂರು, ಸಿರಾ, ತುಮಕೂರುಗಳ ಮೇಲೆ ಬೆಂಗಳೂರಿಗೆ ಸುಮಾರು 200 ಕಿಲೋಮೀಟರ್, ಅಲ್ಲಿಂದ ಮುಂದೆ ಒಂದೆರಡು ಗಂಟೆಯ ಪ್ರಯಾಣ. ನಾವು ಈ ಅಭಿರುಚಿಯನ್ನು ಹಳಿಯುವವರಲ್ಲ. ಉಳಿ ಹಿಡಿದು ಒಂದು ತುಂಡು ಮರವನ್ನು ಕೆಡಿಸಿದವನು ಮುಂದೆ ಬೊಂಬೆಯಂಗಡಿಯಲ್ಲಿ ಚೌಕಾಸಿ ಮಾಡುವಾಗ ಸ್ವಲ್ಪ ತಡೆದು ಮಾತನಾಡುವನು. ಅಷ್ಟು ಲಾಭವೂ ಲಾಭವೇ. ಆದರೆ ಎರಡು ದಿನಗಳಲ್ಲಿ ಕಲಿತದ್ದೇನು, ಕಲಿಯದೆ ಬಿಟ್ಟದ್ದೇನು ಎಂಬ ಲೆಕ್ಕವನ್ನು ಸರಿಯಾಗಿ ಇಡದಿದ್ದರೆ ಆಟವನ್ನೇ ವಿದ್ಯೆಯೆಂದು ತಿಳಿಯುವ ಅಪಾಯವುಂಟು. ಈ ಅಪಾಯವು ಪ್ರವಾಸಿಗಿಂತ ಹೆಚ್ಚಾಗಿ ಸರ್ಕಾರದವರಿಗೆ ತಟ್ಟಿರುವುದೆಂದು ನಮಗೆ ತೋರುವುದರಿಂದಲೇ ಈ ವಿಷಯವನ್ನು ಇಲ್ಲಿ ಎತ್ತಿಕೊಂಡಿರುವೆವು.

ಮೊದಲು ಪದಾರ್ಥದ ಮಾತು. ಅರಗು ಮರದ ಅಂಟಲ್ಲ, ಹುಳುವಿನ ಕೃತಿ. ಮುತ್ತುಗ, ಬೋರೆ, ಕುಸುಮ, ಹಳೆಯ ಮೈಸೂರು ಸೀಮೆಯ ಜಾಲಾರಿ ಮೊದಲಾದ ಮರಗಳ ಎಳೆಯ ಕೊಂಬೆಗಳ ಮೇಲೆ ಸಾಸಿವೆಗಿಂತಲೂ ಸಣ್ಣ ಹುಳುಗಳು ಒತ್ತೊತ್ತಾಗಿ ಕುಳಿತು ರಸವನ್ನು ಹೀರಿ, ತಮ್ಮ ಮೈಯಿಂದ ಒಸರುವ ರಾಳದಲ್ಲಿ ತಾವೇ ಹುದುಗಿಹೋಗುವುವು. ಲಕ್ಷಾವಧಿ ಹುಳುಗಳು ಕೂಡಿ ಮಾಡುವುದರಿಂದಲೇ ಇದಕ್ಕೆ ಲಾಕ್ಷಾ ಎಂಬ ಹೆಸರು ಬಂದಿತೆಂದು ಹೇಳುವವರುಂಟು. ಕೊಂಬೆಯಿಂದ ಕೆರೆದ ಅರಗನ್ನು ತೊಳೆದರೆ ಕೆಂಪು ನೀರಿಗಿಳಿಯುವುದು. ಹಿಂದೆ ಸ್ತ್ರೀಯರು ಪಾದಕ್ಕೆ ಹಚ್ಚುತ್ತಿದ್ದ ಅಲತಿಗೆಯು ಇದೇ. ಉಳಿದ ರಾಳವನ್ನು ಕಾಯಿಸಿ, ಸೋಸಿ, ತೆಳ್ಳಗೆ ಎಳೆದು ಒಡೆದರೆ ಪೇಟೆಗೆ ಬರುವ ಅರಗಾಗುವುದು. ನಾಟಕದ ಹಾಡುಗಳನ್ನು ನಮ್ಮ ಊರೂರಿಗೆ ತಂದ ಹಳೆಯ ಗ್ರಾಮಾಫೋನ್ ತಟ್ಟೆಗಳೂ ಈ ರಾಳವಿಲ್ಲದೆ ಆಗುತ್ತಿರಲಿಲ್ಲ. ಪ್ಲಾಸ್ಟಿಕ್ ತಟ್ಟೆ ಬಂದ ಮೇಲೆ ಆ ವ್ಯಾಪಾರ ಬಿದ್ದುಹೋಯಿತು. ಚೀನ, ಜಪಾನುಗಳ ಪ್ರಸಿದ್ಧವಾದ ಅರಗಿನ ಕೆಲಸವು ಬೇರೆ ಜಾತಿಯದು. ಅದು ಒಂದು ಮರದ ಹಾಲು. ತೇವದ ಗಾಳಿಯಲ್ಲಿ ಗಟ್ಟಿಯಾಗುವುದು, ಹಸಿಯಾಗಿ ಮೈಗೆ ತಗುಲಿದರೆ ತುರಿಕೆಯನ್ನೆಬ್ಬಿಸುವುದು. ನಮ್ಮದು ಬಿಸಿಗೆ ಕರಗುವುದು, ತಣಿದರೆ ಬಿಗಿಯುವುದು. ಈ ಒಂದು ಗುಣದ ಮೇಲೆಯೇ ಚನ್ನಪಟ್ಟಣದ ಕೈಚಳಕವೆಲ್ಲವೂ ನಿಂತಿರುವುದು.

ಕೆಲಸಕ್ಕೆ ತೆಗೆದುಕೊಳ್ಳುವ ಮರ ಹಾಲೆ. ಚನ್ನಪಟ್ಟಣದವರ ಬಾಯಲ್ಲಿ ಆಲೆ. ಬಿಳುಪಾದ, ಹಗುರವಾದ, ಎಳೆ ಕಾಣದಷ್ಟು ನಯವಾದ ಈ ಮರವನ್ನು ಕಡೆದರೆ ದಂತದ ಹಾಗೆ ತೋರುವುದು. ಹಸಿ ಮರವನ್ನು ಎರಡು ಮೂರು ತಿಂಗಳು ಒಣಗಿಸಬೇಕು; ಅವಸರಪಟ್ಟರೆ ಮಾಡಿದ ವಸ್ತು ಅಂಗಡಿಯಲ್ಲಿಯೇ ಬಿರಿಯುವುದು. ಒಣಗಿದ ಮೇಲೆ ಅಳತೆಗೆ ತುಂಡರಿಸಿ ಕಡೆಯುವ ಯಂತ್ರಕ್ಕೆ ಸಿಕ್ಕಿಸಿ ತಿರುಗಿಸುವರು. ಹಿಂದೆ ಬಿಲ್ಲಿನ ಹಗ್ಗವನ್ನು ಒಂದು ಕೈಯಿಂದ ಎಳೆಯುತ್ತ ಇನ್ನೊಂದು ಕೈಯಿಂದ ಉಳಿ ಹಿಡಿಯುತ್ತಿದ್ದರು. ಈಗ ಬಹುಮಟ್ಟಿಗೆ ವಿದ್ಯುತ್ತು ತಿರುಗಿಸುವುದು. ಆಕಾರ ಬಂದ ಮೇಲೆ ಉಪ್ಪುಕಾಗದದಿಂದ ತಿಕ್ಕಿ ನುಣುಪು ಮಾಡುವರು. ಅನಂತರ ಬಣ್ಣ. ಅರಗನ್ನು ಕೆಂಡದ ಮೇಲೆ ಮೆತ್ತಗೆ ಮಾಡಿ ಬಣ್ಣದ ಪುಡಿಯನ್ನು ಅದರಲ್ಲಿ ಹಾಕಿ, ಎಳೆದು, ಮಡಿಸಿ, ಮತ್ತೆ ಎಳೆದು, ಬಣ್ಣವು ಒಂದೇ ಸಮನಾಗುವವರೆಗೆ ನಾದಿ ಕಡ್ಡಿಗಳನ್ನು ಮಾಡಿಟ್ಟುಕೊಂಡಿರುವರು. ಈ ಕಡ್ಡಿಯನ್ನು ತಿರುಗುತ್ತಿರುವ ಮರಕ್ಕೆ ಒತ್ತಿದರೆ ಉಜ್ಜಾಟದ ಬಿಸಿಯಿಂದಲೇ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುವುದು. ಬೆಂಕಿಯಿಲ್ಲ, ಕುಂಚವಿಲ್ಲ, ಒಣಗಲು ಕಾಯುವ ಮಾತಿಲ್ಲ. ಕಡೆಯಲ್ಲಿ ಒಣಗಿದ ತಾಳೆಗರಿಯ ಒಂದು ಸೀಳನ್ನು ಅದರ ಮೇಲೆ ಒತ್ತಿ ಹಿಡಿದರೆ ಅಲ್ಲಲ್ಲಿ ದಪ್ಪವಾಗಿ ನಿಂತಿದ್ದ ಬಣ್ಣವು ಹರಡಿ, ಕನ್ನಡಿಯಂತಹ ಹೊಳಪು ಮೂಡುವುದು.

ಪ್ರವಾಸಿಗೆ ಸಾಮಾನ್ಯವಾಗಿ ದೊರೆಯುವುದು ಈ ಕಡೆಯ ಘಟ್ಟವೇ. ಮೊದಲೇ ಕಡೆದಿಟ್ಟ ಬುಗುರಿಯೊಂದು ಯಂತ್ರದಲ್ಲಿ ತಿರುಗುತ್ತಿರುವುದು. ಅವನ ಕೈಗೆ ಹಳದಿಯ ಕಡ್ಡಿ ಕೊಡುವರು, ಬಳಿಕ ಕೆಂಪು, ಬಳಿಕ ತಾಳೆಗರಿ. ಅರ್ಧ ಗಂಟೆಯೊಳಗೆ ಬುಗುರಿ ಮಿರುಗುವುದು, ಅವನ ಮುಖವೂ ಮಿರುಗುವುದು. ಭಾವಚಿತ್ರವೂ ಆಗುವುದು. ನಾವು ಇದನ್ನು ಹಾಸ್ಯಕ್ಕಾಗಿ ಹೇಳುತ್ತಿಲ್ಲ; ಆ ಅರ್ಧ ಗಂಟೆಯಲ್ಲಿ ಅರಗಿನ ಮರ್ಮದಲ್ಲಿ ಒಂದು ಪಾಲು ನಿಜವಾಗಿಯೂ ಅವನ ಬೆರಳಿಗೆ ತಿಳಿದಿರುವುದು. ಕಡ್ಡಿಯನ್ನು ಮೆಲ್ಲಗೆ ಒತ್ತಿದರೆ ಬಣ್ಣ ಹತ್ತುವುದಿಲ್ಲ, ಬಲವಾಗಿ ಒತ್ತಿದರೆ ಹೆಪ್ಪುಗಟ್ಟುವುದು ಎಂಬುದನ್ನು ಯಾವ ಪುಸ್ತಕವೂ ಅಷ್ಟು ಬೇಗ ಕಲಿಸಲಾರದು.

ಉಳಿದ ಪಾಲುಗಳು ಎಲ್ಲಿರುವುವು? ಉಳಿಯ ಅಲಗಿನಲ್ಲಿರುವುವು. ಅದನ್ನು ಮಸೆಯಲು ಕಲಿಯುವುದಕ್ಕೇ ವಾರಗಳು ಹಿಡಿಯುವುವು. ಮೊಂಡಾದ ಉಳಿ ಮರವನ್ನು ಕಡೆಯುವುದಿಲ್ಲ, ಕೀಳುವುದು. ಉಳಿಯು ಮರಕ್ಕೆ ತಗುಲುವ ಓರೆಯನ್ನು ಕಣ್ಣಿಗಿಂತ ಮುಂಚೆ ಕಿವಿ ಹೇಳುವುದು: ಸರಿಯಾಗಿ ಹರಿಯುತ್ತಿದ್ದರೆ ಒಂದೇ ಸಮನಾದ ಸಿಳ್ಳಿನ ದನಿ, ತಪ್ಪಿದರೆ ಗರಗರ. ಭರಣಿಯ ಮುಚ್ಚಳವು ಬಾಯಿಗೆ ಕೂರಬೇಕಾದರೆ, ಅರಗಿನ ಲೇಪಕ್ಕೆ ಎಷ್ಟು ಎಡೆ ಬಿಡಬೇಕೆಂಬ ಅಂದಾಜು ಮರವನ್ನು ಕಡೆಯುವಾಗಲೇ ಕೈಗೆ ಬರಬೇಕು. ಒಂದರೊಳಗೊಂದು ಕೂರುವ ಬೊಂಬೆಗಳಲ್ಲಿ ಈ ಅಂದಾಜು ಸಾಲುಸಾಲಾಗಿ ಸರಿಯಿರಬೇಕು. ಅರಿಸಿನದ ಹಳದಿ, ನೀಲಿಯ ನೀಲ, ಕಾಚಿನ ಕಂದು, ಇವುಗಳನ್ನು ಬೆರೆಸುವಾಗ ಈ ವಾರದ ಹಸುರು ಹೋದ ವಾರದ ಹಸುರಿನಂತೆಯೇ ಬರುವುದು ಇನ್ನೊಂದು ವಿದ್ಯೆ. ಮಕ್ಕಳು ಬಾಯಿಗಿಟ್ಟುಕೊಳ್ಳುವ ಸಾಮಾನಿಗೆ ಯಾವ ಬಣ್ಣ ಸಲ್ಲುವುದು, ಯಾವುದು ಸಲ್ಲದು ಎಂಬ ವಿವೇಕವೂ ಇದರೊಳಗೇ ಸೇರಿರುವುದು. ಮಳೆಗಾಲದ ಮರಕ್ಕೂ ಬೇಸಗೆಯ ಮರಕ್ಕೂ ಇರುವ ಭೇದವನ್ನು ಅರಿಯಬೇಕಾದರೆ ಒಂದು ಮಳೆಗಾಲವನ್ನೂ ಒಂದು ಬೇಸಗೆಯನ್ನೂ ಅಲ್ಲಿಯೇ ಕಳೆಯದೆ ಗತ್ಯಂತರವಿಲ್ಲ. ಆದುದರಿಂದ ಈ ವಿದ್ಯೆಯ ಕನಿಷ್ಠ ಅಳತೆಯು ದಿನವೂ ಅಲ್ಲ, ವಾರವೂ ಅಲ್ಲ, ಒಂದು ವರ್ಷ.

ಚನ್ನಪಟ್ಟಣದಲ್ಲಿ ಇದು ಉಳಿದ ಬಗೆಯನ್ನು ನಾವು ವಿಚಾರ ಮಾಡಬೇಕು. ಟಿಪ್ಪು ಸುಲ್ತಾನನು ಪಾರಸಿ ದೇಶದ ಕುಶಲಿಗಳನ್ನು ಕರೆಸಿದನೆಂಬುದು ಐತಿಹ್ಯ. ಬಾವಾ ಮಿಯಾ ಎಂಬವರು ಜಪಾನಿನ ಕೆಲಸದ ರೀತಿಗಳನ್ನು ತಂದು ಕಲಿಸಿದರೆಂದು ಅಲ್ಲಿಯವರು ಸ್ಮರಿಸುವರು. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಮೈಸೂರು ಸರ್ಕಾರವು ಅಲ್ಲಿ ಕೈಗಾರಿಕಾ ಶಾಲೆಯನ್ನು ತೆರೆಯಿತು. ಈ ಮೂರನೆಯದೇ ಮುಖ್ಯವೆಂದು ನಮ್ಮ ಮತ. 1897ರಲ್ಲಿ ಅಚ್ಚಾದ ರೈಸ್ ಸಾಹೇಬರ ಮೈಸೂರು ಗ್ಯಾಸೆಟಿಯರಿನಲ್ಲಿ ಚನ್ನಪಟ್ಟಣದ ಶುಕ್ರವಾರಪೇಟೆಯು ಅರಗಿನ ಸಾಮಾನು ಮತ್ತು ಬೊಂಬೆಗಳಿಗೆ ಮಾತ್ರವಲ್ಲ, ವಾದ್ಯಗಳ ಉಕ್ಕಿನ ತಂತಿಗೂ ಗಾಜಿನ ಬಳೆಗೂ ಹೆಸರಾದುದೆಂದು ಬರೆದಿದೆ. ಈಗ ವೀಣೆಯ ತಂತಿಗಾಗಿಯಾಗಲಿ ಬಳೆಗಾಗಿಯಾಗಲಿ ಯಾರೂ ಚನ್ನಪಟ್ಟಣವನ್ನು ಹುಡುಕಿಕೊಂಡು ಹೋಗುವುದಿಲ್ಲ, ಬೊಂಬೆಗಾಗಿ ಹೋಗುವರು. ಮೂರು ಕಸಬುಗಳಲ್ಲಿ ಹೊರಗಿನವರಿಗೂ ಕಲಿಸುವ ಬಾಗಿಲು ತೆರೆದದ್ದು ಒಂದಕ್ಕೆ. ಜನರ ಬಾಯಲ್ಲಿ ಇಂದಿಗೂ ಉಳಿದದ್ದು ಆ ಒಂದೇ. ಸರಕು, ಪೇಟೆ, ರೈಲು ಮೊದಲಾದ ಬೇರೆ ಕಾರಣಗಳೂ ಇರಬಹುದು, ನಾವು ಅಲ್ಲಗಳೆಯುವುದಿಲ್ಲ. ಆದರೆ ಶಾಲೆಯ ಮಾತನ್ನು ಮರೆಯುವುದು ನ್ಯಾಯವಲ್ಲ.

ಗಾಜಿನ ಬಳೆಯ ಪ್ರಸ್ತಾಪ ಬಂದದ್ದರಿಂದ ನಮ್ಮ ಹೊಸದುರ್ಗ ತಾಲ್ಲೂಕಿಗೆ ಬರುವೆವು. ಶ್ರೀರಂಗಪಟ್ಟಣವು ಬಿದ್ದ ಮರುವರ್ಷ, 1800-01ರಲ್ಲಿ, ಕಂಪೆನಿಯ ಅಪ್ಪಣೆಯಂತೆ ಈ ಸೀಮೆಯನ್ನೆಲ್ಲ ಸುತ್ತಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಮತ್ತೋಡಿಗೂ ಬಂದಿದ್ದನು. ಅಲ್ಲಿ ಸವಳು ಮಣ್ಣಿನಿಂದ ತೆಗೆದ ಕ್ಷಾರವನ್ನೂ ಬೆಣಚುಕಲ್ಲಿನ ಪುಡಿಯನ್ನೂ ಒಲೆಯಲ್ಲಿ ಕರಗಿಸಿ ಕಪ್ಪು, ಹಸುರು, ಕೆಂಪು, ನೀಲಿ, ಹಳದಿ ಗಾಜನ್ನು ಮಾಡಿ ಬಳೆಗಳನ್ನು ಎಳೆಯುತ್ತಿದ್ದುದನ್ನು ಆತನು ವಿವರವಾಗಿ ಬರೆದಿಟ್ಟಿರುವನು. ವಾಚಕರಲ್ಲಿ ಎಷ್ಟೋ ಮಂದಿ ಮತ್ತೋಡನ್ನು ಬಲ್ಲರು. ಪಾಳೆಯಗಾರರ ಹೆಸರನ್ನೂ ಬಲ್ಲರು. ಆ ಒಲೆಗಳು ಎಲ್ಲಿದ್ದುವೆಂದು ತೋರಿಸಬಲ್ಲವರು ಯಾರು? ಮಣ್ಣು ಅಲ್ಲಿಯೇ ಇದೆ, ಬೆಣಚುಕಲ್ಲೂ ಇದೆ. ಕೆಲಸ ಬಲ್ಲ ಕೈಗಳು ಮಾತ್ರ ಇಲ್ಲ. ಹೀಗೆ ಒಂದು ವಿದ್ಯೆಯು ನಮ್ಮ ಮನೆಯಂಗಳದಲ್ಲಿಯೇ ಆರಿಹೋದುದಕ್ಕೆ ಪರದೇಶಿಯೊಬ್ಬನ ದಿನಚರಿಯೇ ಸಾಕ್ಷಿಯಾಗಿ ಉಳಿದಿರುವುದು ನಾಚಿಕೆಯ ಸಂಗತಿಯಲ್ಲವೆ?

ಅರಗಿನ ಕೆಲಸಕ್ಕೆ ಬೇಕಾದುವುಗಳ ವಿಷಯದಲ್ಲಿ ನಮ್ಮ ಸೀಮೆ ದರಿದ್ರವಲ್ಲ. ಹಾಲೆಯು ಒಣಕಾಡಿನ ಮರ. ಜೋಗಿಮಟ್ಟಿಯಂತಹ ಗುಡ್ಡಗಳ ಕುರುಚಲಿನಲ್ಲಿ ಬೇಸಗೆಯ ಹೊತ್ತಿಗೆ ಬಿಳಿಯ ಕಂಪಿನ ಹೂ ಬಿಟ್ಟು, ತುದಿಯಲ್ಲಿ ಒಂದಕ್ಕೊಂದು ಕೂಡಿಕೊಂಡ ಉದ್ದನೆಯ ಜೋಡಿ ಕಾಯಿಗಳನ್ನು ತೂಗಿಸಿಕೊಂಡಿರುವ, ಎಲೆ ಕಿತ್ತರೆ ಹಾಲು ಒಸರುವ ಸಣ್ಣ ಮರವನ್ನು ದನ ಕಾಯುವ ಹುಡುಗರೂ ಗುರುತಿಸಬಲ್ಲರು. ಈ ಮರದ ಎಲೆಯಿಂದ ನೀಲಿ ಬಣ್ಣವನ್ನು ತೆಗೆಯುತ್ತಿದ್ದ ಕಾಲವೂ ಇತ್ತು; ಮರವೂ ಬಣ್ಣವೂ ಒಂದೇ ಬೇರಿನಿಂದ ಬರುವುದೆಂದರೆ ಕುಶಲಿಗೆ ಇನ್ನೇನು ಬೇಕು? ಮುತ್ತುಗ, ಬೋರೆಗಳಿಗಂತೂ ನಮ್ಮಲ್ಲಿ ಬರವಿಲ್ಲ. ಆದರೂ ದೇಶದ ಅರಗಿನ ಬಹುಪಾಲು ಬರುವುದು ಝಾರ್ಖಂಡ, ಛತ್ತೀಸಗಢ, ಮಧ್ಯಪ್ರದೇಶ, ಬಂಗಾಳಗಳ ಕಡೆಯಿಂದ. ರಾಂಚಿಯ ಬಳಿಯ ನಾಮಕುಮ್‌ನಲ್ಲಿ 1924ರಲ್ಲಿ ಅರಗಿನ ಸಂಶೋಧನಾಲಯವೊಂದು ಸ್ಥಾಪಿತವಾಗಿ ಇಂದಿಗೂ ಬೇರೊಂದು ಹೆಸರಿನಿಂದ ನಡೆಯುತ್ತಿರುವುದು. ಹುಳು ಬಿಟ್ಟ ಕೊಂಬೆಯ ತುಂಡನ್ನು ಹೊಸ ಮರಕ್ಕೆ ಕಟ್ಟಿ ಬೆಳೆ ತೆಗೆಯುವ ಕ್ರಮವನ್ನು ಅಲ್ಲಿ ರೈತರಿಗೆ ಕಲಿಸುವರು. ನಮ್ಮ ಬೇಸಗೆಯ ಬಿಸಿಲನ್ನು ಆ ಹುಳು ತಡೆಯುವುದೋ ಇಲ್ಲವೋ ಎಂಬುದನ್ನು ನಾಲ್ಕು ಬೋರೆಯ ಮರಗಳ ಮೇಲೆ ಪರೀಕ್ಷಿಸಿ ನೋಡಲು ದೊಡ್ಡ ವೆಚ್ಚವೇನೂ ಬೀಳದು.

ಇನ್ನು ಸರ್ಕಾರದ ವಿಷಯ. 2023ನೆಯ ಸೆಪ್ಟೆಂಬರ್ 17ರಂದು ಕೇಂದ್ರ ಸರ್ಕಾರವು ಪಿಎಂ ವಿಶ್ವಕರ್ಮ ಎಂಬ ಯೋಜನೆಯನ್ನು ಪ್ರಾರಂಭಿಸಿತು. 18 ಕಸಬುಗಳ ಪಟ್ಟಿಯಲ್ಲಿ ಬೊಂಬೆ ಮಾಡುವವರೂ ಸೇರಿರುವರು. ಕಲಿಯುವವರಿಗೆ ದಿನಕ್ಕೆ 500 ರೂಪಾಯಿ ಭತ್ಯೆ, ಉಪಕರಣಗಳಿಗೆ 15,000 ರೂಪಾಯಿ, ಮೂರು ಲಕ್ಷದವರೆಗೆ ಶೇಕಡ 5ರ ಬಡ್ಡಿಯ ಸಾಲ, ಇವೆಲ್ಲವೂ ಉದಾರವಾದ ಏರ್ಪಾಟುಗಳೇ ಸರಿ. ಆದರೆ ಮೊದಲ ಹಂತದ ಶಿಕ್ಷಣ 40 ಗಂಟೆ, ಮುಂದಿನ ಹಂತ 120 ಗಂಟೆ. ಮನೆಯಲ್ಲಿಯೇ ಕಸಬನ್ನು ಕಲಿತವನಿಗೆ ಹೊಸ ಉಪಕರಣವನ್ನು ಪರಿಚಯ ಮಾಡಿಕೊಡಲು ಈ ಕಾಲ ಸಾಕು. ಯೋಜನೆಯ ಉದ್ದೇಶವೂ ಅದೇ. ವಂಶದಲ್ಲಿ ಕಸಬಿಲ್ಲದ ಹಿರಿಯೂರಿನ ಹುಡುಗನೊಬ್ಬನು ಹೊಸದಾಗಿ ಅರಗಿನ ಕೆಲಸವನ್ನು ಕಲಿಯಬೇಕೆಂದರೆ ಅವನಿಗೆ ಈ 40 ಗಂಟೆಗಳು ಪ್ರವಾಸಿಯ ಎರಡು ದಿನಗಳಿಗಿಂತ ಹೆಚ್ಚೇನೂ ಅಲ್ಲ. ಅವನಿಗೆ ಬೇಕಾದುದು ಉಸ್ತಾದರೊಬ್ಬರ ಕಾರ್ಖಾನೆಯಲ್ಲಿ ಒಂದು ವರ್ಷದ ಜಾಗ, ತಿನ್ನಲು ಅನ್ನ, ತಂಗಲು ಕೋಣೆ. ಉಸ್ತಾದರಿಗೂ ತಾವು ಕಳೆದುಕೊಂಡ ಹೊತ್ತಿಗೆ ಪ್ರತಿಫಲ. ಕಡೆಯ ಸಂಗತಿಯನ್ನು ನಮ್ಮ ಯೋಜನೆಗಳು ಸದಾ ಮರೆಯುವುವು. ಕೂಲಿಯ ಲೆಕ್ಕದಲ್ಲಿ ದಿನ ದೂಡುವ ಕೆಲಸಗಾರನು ಒಬ್ಬ ಕಲಿಯದವನನ್ನು ಪಕ್ಕದಲ್ಲಿ ಕೂರಿಸಿಕೊಂಡರೆ ಅವನ ಆ ದಿನದ ಕೆಲಸ ಕಡಿಮೆಯಾಗುವುದು. ಅದನ್ನು ತುಂಬಿಕೊಡದೆ ವಿದ್ಯಾದಾನವನ್ನು ಬೋಧಿಸುವುದು ಹೊಟ್ಟೆ ತುಂಬಿದವರ ಮಾತು.

ಆದುದರಿಂದ ಜಿಲ್ಲಾ ಪಂಚಾಯತಿಯವರೂ ಕೈಗಾರಿಕಾ ಇಲಾಖೆಯವರೂ ತಾಲ್ಲೂಕಿಗೆ ಇಬ್ಬರಂತೆ ಎಂಟು ಮಂದಿಯನ್ನು ಆರಿಸಿ ಒಂದು ವರ್ಷದ ಮಟ್ಟಿಗೆ ಚನ್ನಪಟ್ಟಣದಲ್ಲಿ ನಿಲ್ಲಿಸುವ ಏರ್ಪಾಟನ್ನು ಮಾಡಬೇಕೆಂದು ನಾವು ಸೂಚಿಸುವೆವು. ಎಂಟರಲ್ಲಿ ಅರ್ಧದಷ್ಟು ಹೆಣ್ಣುಮಕ್ಕಳಿರಲಿ. ಚನ್ನಪಟ್ಟಣದಲ್ಲಿ ಯಂತ್ರದ ಮುಂದೆ ಕುಳಿತು ಕಡೆಯುವ ಹೆಂಗಸರು ಈಗ ಅಪರೂಪವಲ್ಲ. ಆರಿಸುವಾಗ ಹತ್ತನೆಯ ತರಗತಿಯ ಅಂಕಗಳನ್ನು ನೋಡುವುದಕ್ಕಿಂತ ಬಡಗಿಯ, ಕಮ್ಮಾರನ, ಅಕ್ಕಸಾಲಿಗನ ಕೊಟ್ಟಿಗೆಯಲ್ಲಿ ಸುಮ್ಮನೆ ನಿಂತು ನೋಡುವ ಚಟವುಳ್ಳ ಮಕ್ಕಳನ್ನು ಹುಡುಕುವುದು ಲೇಸು. ಇದಕ್ಕೆ ತಗಲುವ ಹಣವು ಒಂದು ಉತ್ಸವದ ಚಪ್ಪರಕ್ಕೂ ದೀಪಾಲಂಕಾರಕ್ಕೂ ಆಗುವ ಖರ್ಚಿಗಿಂತ ಹೆಚ್ಚಾಗದೆಂದು ಬಲ್ಲವರು ಬಲ್ಲರು.

ಕಲಿತು ಬಂದವರು ಏನು ಮಾಡುವರೆಂಬ ಪ್ರಶ್ನೆ ನ್ಯಾಯವಾದುದೇ. ಚನ್ನಪಟ್ಟಣದ ಬೊಂಬೆಗೆ 2005-06ರಲ್ಲಿಯೇ ಭೌಗೋಳಿಕ ಗುರುತಿನ ರಕ್ಷಣೆ ದೊರೆತಿರುವುದು. ದುರ್ಗದಲ್ಲಿ ಕಡೆದದ್ದನ್ನು ಆ ಹೆಸರಿನಿಂದ ಮಾರಕೂಡದು, ಮಾರುವುದು ಸಭ್ಯತನವೂ ಅಲ್ಲ. ಆದರೆ ಅರಗಿನ ಹೊಳಪು ಬೊಂಬೆಯೊಂದಕ್ಕೇ ಮೀಸಲಾದುದಲ್ಲ. ಲಟ್ಟಣಿಗೆ, ತೊಟ್ಟಿಲ ಗೂಟ, ಮಜ್ಜಿಗೆಯ ಕಡಗೋಲಿನ ಹಿಡಿ, ಚೌಕಾಬಾರದ ಕಾಯಿ, ಶಾಲೆಯ ಮಕ್ಕಳು ಎಣಿಕೆ ಕಲಿಯುವ ಮಣಿಗಳು, ಇವೆಲ್ಲವೂ ಕಡೆತದ ಸಾಮಾನುಗಳೇ. ಅಂಗನವಾಡಿಗಳಿಗೆ ಆಟದ ಸಾಮಾನು ಕೊಳ್ಳುವ ಅಧಿಕಾರಿಗಳು ಈ ಸಾಲನ್ನು ಗಮನಿಸಬೇಕಾಗಿ ಪ್ರಾರ್ಥನೆ. ಆಟಿಕೆಗಳಿಗೆ ಗುಣಮಟ್ಟದ ಮುದ್ರೆಯನ್ನು ಕಡ್ಡಾಯ ಮಾಡುವ ಆದೇಶವು 2021ನೆಯ ಜನವರಿ 1ರಿಂದ ಜಾರಿಗೆ ಬಂದಿದೆ. ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ಹೆಸರು ನೋಂದಾಯಿಸಿದ ಕುಶಲಿಗಳಿಗೆ ಅದರಿಂದ ವಿನಾಯಿತಿ ಉಂಟು. ಆದುದರಿಂದ ಹಿಂದಿರುಗಿ ಬಂದವರ ಮೊದಲ ಕೆಲಸ ಈ ನೋಂದಣಿ. ಪರದೇಶದ ಪ್ಲಾಸ್ಟಿಕ್ ಆಟಿಕೆಗಳ ಮೇಲಿನ ಸುಂಕವನ್ನು 2020ರಲ್ಲಿ ಶೇಕಡ 20ರಿಂದ 60ಕ್ಕೆ ಏರಿಸಿದುದೂ ಸ್ವದೇಶಿ ಕೈಗಳಿಗೆ ಸ್ವಲ್ಪ ಉಸಿರು ಕೊಟ್ಟಿರುವುದು.

ದಕ್ಷಿಣದತ್ತ ಮಾತ್ರವೇ ನೋಡಬೇಕಾದುದೂ ಇಲ್ಲ. ದುರ್ಗದಿಂದ ಉತ್ತರಕ್ಕೆ ಹೊಸಪೇಟೆಯನ್ನು ದಾಟಿದರೆ ಕೊಪ್ಪಳದ ಸಮೀಪದಲ್ಲಿ ಕಿನ್ನಾಳವಿದೆ. ಅಲ್ಲಿಯ ಚಿತ್ರಗಾರರದು ಕಡೆತವಲ್ಲ, ಕೆತ್ತನೆ. ಹುಣಿಸೆಬೀಜದ ಅಂಟಿನಿಂದ ಮೈಯನ್ನು ನಯಗೊಳಿಸಿ ಬಣ್ಣ ಬರೆಯುವರು, ತವರದ ಲೇಪವನ್ನು ತಿಕ್ಕಿ ಚಿನ್ನದ ಬೆಳಕನ್ನು ತರುವ ಲಜವರ ಎಂಬ ವಿದ್ಯೆಯೂ ಅವರಲ್ಲಿದೆ. ವಾಯವ್ಯಕ್ಕೆ ಹೋದರೆ ಧಾರವಾಡದ ಕಡೆಯ ಕಲಘಟಗಿಯ ಬಣ್ಣದ ತೊಟ್ಟಿಲು. ಮೂರು ದಿಕ್ಕಿನಲ್ಲಿ ಮೂರು ಊರುಗಳು, ನಡುವೆ ನಾವು. ಈ ಎಲ್ಲ ಊರುಗಳಿಗೂ ನಮ್ಮ ದುರ್ಗದಿಂದ ಒಂದು ಹಗಲಿನ ದಾರಿ.

ಹಾಲೆಯ ಕಾಯಿಗಳು ಬಲಿತು ಒಡೆದರೆ ಬೀಜವು ರೇಷ್ಮೆಯಂತಹ ಕುಚ್ಚನ್ನು ಕಟ್ಟಿಕೊಂಡು ಗಾಳಿಗೆ ಹಾರಿಹೋಗುವುದು. ಒಡೆಯುವ ಮುಂಚೆಯೇ ಕೀಳಿಸಿ ಸಸಿಮಡಿಗಳಿಗೆ ಹಾಕಿಸಬೇಕು. ಕಡೆಯುವಷ್ಟು ಗಾತ್ರ ಬರಲು ಸಸಿಗೆ ಹಲವು ವರ್ಷಗಳು ಬೇಕಾಗುವುವು. ಈ ವರ್ಷ ಕಳುಹಿಸಿದ ಎಂಟು ಮಂದಿ ಅಷ್ಟರೊಳಗೆ ಹಿಂದಿರುಗಿ ಬಂದಿರುವರು. ಅರಣ್ಯ ಇಲಾಖೆಯವರು ಮುಂದಿನ ಬೇಸಗೆಗೆ ಮುನ್ನ ಯಾವ ಗುಡ್ಡದಲ್ಲಿ ಎಷ್ಟು ಮರಗಳಿರುವುವೆಂದು ಎಣಿಸಿ ಪ್ರಕಟಿಸಿದರೆ ನಾವು ಆ ಪಟ್ಟಿಯನ್ನು ಈ ಪುಟದಲ್ಲಿಯೇ ಸಂತೋಷದಿಂದ ಅಚ್ಚು ಮಾಡುವೆವು.